ಮೂರನೆಯ ತಂತಿಗೆ ಮನೆಯಿಲ್ಲ

ರಯ್ಯಿಸ್ ಬದವಿಯ ಮನೆಯಲ್ಲಿ ಅವನ ಏಟು ತಿನ್ನದೆ ಉಳಿದಿದ್ದವರು ಇಬ್ಬರೇ: ಅವನನ್ನು ಹೆತ್ತ ತಾಯಿ, ಮತ್ತು ಮಗ ಕೊಂಡು ತಂದ ಕಂಪ್ಯೂಟರು. ಫೆಬ್ರವರಿಯ ಎರಡನೆಯ ಶುಕ್ರವಾರ, ನಮಾಜು ಮುಗಿಸಿ ಬಂದು ಊಟಕ್ಕೆ ಕೂರುವ ಮೊದಲು, ಕಂಪ್ಯೂಟರಿಗೂ ಬಿತ್ತು.

ಹೆಂಡತಿ ಫೌಕಿಯಾ ಅಡುಗೆಮನೆಯಲ್ಲಿ ಮೀನಿನ ಅನ್ನಕ್ಕೆ ಈರುಳ್ಳಿಯನ್ನು ಕರ್ರಗೆ ಹುರಿಯುತ್ತಿದ್ದಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ, ಸದ್ದು ಕೇಳಿದರೆ ಏಟು ಎಲ್ಲಿ ಬಿತ್ತೆಂದು ಹೇಳುವಷ್ಟು ಅವಳ ಕಿವಿ ಪಳಗಿತ್ತು. ಬೆನ್ನಿಗಾದರೆ ದಪ್ಪ ಸದ್ದು, ಕೆನ್ನೆಗಾದರೆ ತೆಳು, ಬಾಗಿಲಿಗಾದರೆ ಅವತ್ತು ಪುಣ್ಯ. ಇದು ಟೊಳ್ಳು ಸದ್ದು, ಹಿಂದೆಯೇ ಗಾಜಿನ ಗಿಣಿಗಿಣಿ. ಮೀನು ಸೀಳುವ ಚಾಕುವನ್ನು ಕೆಳಗಿಡುವುದನ್ನೂ ಮರೆತು ನಡುಮನೆಗೆ ಓಡಿದಳು.

"ನನ್ನ ಮೂರನೆ ತಂತಿ ಎಲ್ಲೋ?" ಬದವಿ ಮಗನ ಮುಂದೆ ನಿಂತು ಕೇಳುತ್ತಿದ್ದ. "ತೋರ್ಸೋ! ಎಲ್ಲಿದೆ?"

"ಬಾರಿಸ್ತಾ ಇದೆಯಲ್ಲ ಯಾಬಾ, ಅದೇ!" ಎಂದ ಕರಮ್.

"ಇದಾ? ಇದು ಕಚೇರಿಗೆ ಫೋನ್ ಮಾಡಿದ್ರೆ ಕಾಯಿಸೋಕೆ ಹಾಕ್ತಾರಲ್ಲ, ಆ ಸಂಗೀತ ಕಣೋ! ನನ್ನ ಹಾಡನ್ನ ತಗೊಂಡು ಹಲ್ಲು ಕಿತ್ತು ಕೂರ್ಸಿದ್ದೀಯ!"

ಎತ್ತಿದ ಕೈ ಮತ್ತೊಮ್ಮೆ ಪರದೆಯ ಕಡೆಗೆ ಹೋಯಿತು. ಕರಮ್ ಅದನ್ನು ಹಿಡಿದುಕೊಂಡ. ಇಪ್ಪತ್ತಾರು ವರ್ಷದ ಅವನು ಮದುವೆ ಮನೆಗಳಿಗೆ ಸ್ಪೀಕರು ಹೊತ್ತು ಹೊತ್ತು ಎಮ್ಮೆಯ ಕತ್ತು ಬೆಳೆಸಿದ್ದ. "ಇದು ನನ್ನ ಅನ್ನ ಯಾಬಾ. ನನಗೆ ಹೊಡೀರಿ, ಇದಕ್ಕೆ ಬೇಡ."

ಬದವಿ ಮಗನ ಮಾತನ್ನು ನಡೆಸಿಕೊಟ್ಟ. ಮೊದಲನೆಯದು ಕಿವಿಯ ಕೆಳಗೆ ಬಿತ್ತು, ಎರಡನೆಯದು ತುಟಿಗೆ. ಕರಮ್ ಅಪ್ಪನ ಎರಡೂ ರಟ್ಟೆ ಹಿಡಿದು ಗೋಡೆಗೆ ಒತ್ತಿದ. ಉಪ್ಪಿನ ನಿಂಬೆಯ ಜಾಡಿ ಉರುಳಿ ಒಡೆಯಿತು. ಮೂಲೆಯ ಮಂಚದಿಂದ ಸಿತ್ತೀ, ಅಂದರೆ ಬದವಿಯ ತಾಯಿ, ತನ್ನ ಕೋಲು ಬೀಸಿದಳು. ಕಣ್ಣು ಮಂಜಾಗಿದ್ದರಿಂದ ನ್ಯಾಯವಾಗಿಯೇ ಬೀಸಿದಳು: ಇಬ್ಬರ ಮೊಣಕಾಲಿಗೂ ಸಮನಾಗಿ ಬಿತ್ತು.

"ಅನ್ನ ಆರ್ತಾ ಇದೆ, ಹರಾಮಿಗಳಾ! ಸಾಯೋದಿದ್ರೆ ಉಂಡು ಸಾಯಿರಿ!"

ಆಗ ಬಾಗಿಲ ಬಳಿ ನಿಂತಿದ್ದ ಮಗಳು ಬಾಯಿ ತೆಗೆದಳು. "ಯಾಬಾ, ಅಣ್ಣನದು ತಪ್ಪಲ್ಲ. ನಿಮ್ಮ ಆ ಸ್ವರ ಇದರೊಳಗೆ ಇಲ್ಲವೇ ಇಲ್ಲ."

"ಇಲ್ಲ ಅಂದ್ರೆ?"

"ಇಲ್ಲಿ ನೋಡಿ, ಪಿಯಾನೋ ಇದ್ದ ಹಾಗಿದೆ. ಇದು ಬಿಳಿ ಮನೆ, ಇದು ಕರಿ ಮನೆ. ನಿಮ್ಮ ಮೂರನೆ ತಂತಿ ಇವೆರಡರ ನಡುವೆ ಬರುತ್ತೆ. ನಡುವೆ ಮನೆ ಕಟ್ಟಿಲ್ಲ ಇವ್ರು."

"ಯಾರು?"

"ಈ ಪ್ರೋಗ್ರಾಂ ಮಾಡಿದವ್ರು."

"ಅವರಿಗೆ ಕಿವಿ ಇಲ್ವಾ?" ಎಂದ ಬದವಿ. ಎಂದ ಮೇಲೆ, ಯಾರ ಹತ್ತಿರ ಕಿವಿಯ ಮಾತಾಡಿದೆನೆಂದು ನೆನಪಾಗಿ, ನೆಲದ ಮೇಲಿನ ನಿಂಬೆಕಾಯಿಗಳನ್ನು ನೋಡತೊಡಗಿದ.

ಹತ್ತೊಂಬತ್ತರ ಇನ್ಶಿರಾಹ್‌ಳ ಎಡಗಿವಿಯ ತಮಟೆ ಹೋದ ಅಕ್ಟೋಬರಿನಲ್ಲಿ ಹರಿದಿತ್ತು. ಚಹಾದಲ್ಲಿ ಸಕ್ಕರೆ ಕಡಿಮೆಯಾಗಿತ್ತೆಂಬುದು ಕಾರಣ. ಆಸ್ಪತ್ರೆಯಲ್ಲಿ ಫೌಕಿಯಾ, ಅಡುಗೆಮನೆಯ ಬಾಗಿಲು ಬಡಿಯಿತೆಂದು ಹೇಳಿದ್ದಳು. ಡಾಕ್ಟರು ಬರೆದುಕೊಳ್ಳುತ್ತ, "ಇನ್ನೊಂದು ಕಿವಿಗೆ ಆ ಬಾಗಿಲು ತಗಲದ ಹಾಗೆ ನೋಡ್ಕೊಳ್ಳಿ ತಾಯಿ. ತಗಲಿದ್ರೆ ಹುಡುಗಿ ಕಿವುಡಿ ಆಗ್ತಾಳೆ" ಎಂದಿದ್ದರು. ಅಂದಿನಿಂದ ಫೌಕಿಯಾಳಿಗೆ ಲೋಕದಲ್ಲಿ ಕಾಯಬೇಕಾದ ವಸ್ತು ಒಂದೇ ಆಗಿತ್ತು: ಮಗಳ ಬಲಗಿವಿ. ಊಟಕ್ಕೆ ಕೂರುವಾಗ ಮಗಳ ಬಲಕ್ಕೆ ತಾನೇ ಕೂರುತ್ತಿದ್ದಳು.

"ಆದ್ರೆ ತಗ್ಗಿಸಬಹುದು," ಎಂದಳು ಇನ್ಶಿರಾಹ್. "ಒಂದೊಂದು ಸ್ವರದ ಕೆಳಗೂ ಒಂದು ಗೆರೆ ಇದೆ. ಮೌಸ್‌ನಲ್ಲಿ ಹಿಡಿದು ಎಳೆದ್ರೆ ಸ್ವರ ಮನೆ ಬಿಟ್ಟು ಕೆಳಗಿಳಿಯುತ್ತೆ. ಎಷ್ಟು ಇಳಿಸಬೇಕು ಅಂತ ನೀವು ಹೇಳಬೇಕು."

"ಎಷ್ಟು ಸ್ವರ?"

"ಹಾಡು ಪೂರ್ತಿಗೆ ಮೂರನೆ ತಂತಿ ಮುನ್ನೂರ ಹದಿನೆಂಟು ಸಲ ಬರುತ್ತೆ."

ಬದವಿ ಕುರ್ಚಿ ಎಳೆದುಕೊಂಡು ಕೂತ. "ಊಟ ಆಮೇಲೆ," ಎಂದ.

ಮೂವತ್ತು ವರ್ಷ ಪೋರ್ಟ್ ಸಯೀದಿನ ಆ ಬೀದಿಯಲ್ಲಿ ಸಿಮ್ಸಿಮಿಯ್ಯಾ ಎಂದರೆ ಬದವಿ; ಅದಕ್ಕೇ ರಯ್ಯಿಸ್, ಅಂದರೆ ಮುಖಂಡ, ಎಂಬ ಬಿರುದು. ಐದು ತಂತಿಯ ವಾದ್ಯ ಅದು. ಬಲಗೈ ಎಲ್ಲ ತಂತಿಯನ್ನೂ ಒಟ್ಟಿಗೆ ಮೀಟುತ್ತದೆ. ಬೇಡದ ತಂತಿಗಳ ಬಾಯಿಯನ್ನು ಎಡಗೈ ಬೆರಳುಗಳು ಮುಚ್ಚುತ್ತವೆ. ಮುಚ್ಚದೆ ಬಿಟ್ಟದ್ದು ಮಾತಾಡುತ್ತದೆ. ಎರಡು ವರ್ಷದ ಹಿಂದೆ ಹಡಗುಕಟ್ಟೆಯಲ್ಲಿ ಉಕ್ಕಿನ ಹಗ್ಗವೊಂದು ಕಿತ್ತು ಬಂದು ಅವನ ಎಡಗೈಯ ಎರಡು ಬೆರಳನ್ನು ಒಯ್ದಿತು. ಅಲ್ಲಿಂದಾಚೆ ಅವನ ವಾದ್ಯದಲ್ಲಿ ಎರಡು ತಂತಿ ಬಾಯಿ ಮುಚ್ಚದ ನೆಂಟರ ಹಾಗೆ ಮಾತಾಡುತ್ತಲೇ ಇದ್ದವು. ವಾದ್ಯ ಗೋಡೆಗೆ ಹೋಯಿತು. ಕೆಲಸವೂ ಹೋಯಿತು. ಉಳಿದದ್ದು ಬಲಗೈ, ಮತ್ತು ಅದಕ್ಕೆ ಮಾಡಲು ಕೆಲಸವಿಲ್ಲದ ಉದ್ದನೆಯ ಹಗಲು. ಮೊದಲು ಏಟು ಹಬ್ಬಕ್ಕೊಮ್ಮೆ ಬರುತ್ತಿತ್ತು. ಈಗ ಗ್ಯಾಸಿನವನ ಹಾಗೆ ವಾರಕ್ಕೆರಡು ಸಲ ಬರತೊಡಗಿತು.

ವಸಂತದ ಹಬ್ಬದ ಹಿಂದಿನ ಸಂಜೆ ಬೀದಿ ಬೀದಿಯಲ್ಲೂ ಅಲಿಂಬಿಯನ್ನು ಸುಡುತ್ತಾರೆ. ಯಾವ ಕಾಲದ್ದೋ ಇಂಗ್ಲಿಷ್ ದೊರೆಯ ಹೆಸರು ನಾಲಗೆಯಲ್ಲಿ ಸವೆದು ಅಲಿಂಬಿಯಾದದ್ದು. ಹುಲ್ಲಿನ ಬೊಂಬೆ ಮಾಡಿ, ಆ ವರ್ಷ ಯಾರ ಮೇಲೆ ಸಿಟ್ಟಿದೆಯೋ ಅವರ ಮುಖ ಬರೆದು, ಹಾಡು ಹಾಡಿ ಬೆಂಕಿ ಇಡುವುದು. ಹೋದ ವರ್ಷ ಈ ಬೀದಿಯ ಬೆಂಕಿಯ ಮುಂದೆ ಬಾರಿಸಿದವನು ಪಕ್ಕದ ಬೀದಿಯ ಉಸ್ತಾ ಸುಂಬುಲ್. ಬದವಿ ಅದನ್ನು ಮಹಡಿಯ ಮೇಲಿನಿಂದ ನೋಡಿದ್ದ. ಈ ವರ್ಷ ತನ್ನದೇ ಹೊಸ ಹಾಡು, ಮಗನ ಸ್ಪೀಕರಿನಲ್ಲಾದರೂ ಸರಿ, ಆ ಬೆಂಕಿಯ ಮುಂದೆ ಮೊಳಗಬೇಕು. ಹಟ ಅದು.

ಹಾಗೆ ದಿನವೂ ಇಳಿಹೊತ್ತಿನ ಅಸರ್ ನಮಾಜಿನ ನಂತರ ಅಪ್ಪ ಮಗಳು ಕಂಪ್ಯೂಟರಿನ ಮುಂದೆ ಕೂರತೊಡಗಿದರು. ಬದವಿ ಕಣ್ಣು ಮುಚ್ಚಿ ಕೂರುವನು. ಇನ್ಶಿರಾಹ್ ಬಲಗಿವಿಗೆ ಮಾತ್ರ ಹೆಡ್‌ಫೋನು ಒತ್ತಿ ಗೆರೆ ಎಳೆಯುವಳು.

"ಕೆಳಗೆ. ಇನ್ನೂ. ಇನ್ನೊಂದು ಕೂದಲು. ನಿಲ್ಲು! ಹಾಂ."

"ಎಲ್ಲಾದಕ್ಕೂ ಇಷ್ಟೇ ಇಳಿಸಿಬಿಡ್ಲಾ ಯಾಬಾ? ಒಂದೇ ಸಲಕ್ಕೆ ಆಗುತ್ತೆ."

"ಎಲ್ಲಾದಕ್ಕೂ ಒಂದೇನಾ? ಏನು, ಸೈನಿಕರಾ ಅವು? ಹಾಡು ಮೇಲೆ ಹತ್ತುವಾಗ ಅದು ಒಂದು ಕೂದಲು ಮೇಲಿರುತ್ತೆ. ಇಳಿಯುವಾಗ ಸೋತು ಬರುತ್ತೆ. ಬಾರಿಸುವಾಗ ನಾನು ಬೆರಳಿನ ತುದೀಲಿ ತಂತಿ ಒತ್ತಿ ಒತ್ತಿ ಅದನ್ನೇ ಮಾಡ್ತಿದ್ದೆ. ಬೀದಿಯವರು ಕಣ್ಣು ಮುಚ್ಕೊಂಡು, ಇದು ಬದವಿ ಅಂತಿದ್ದದ್ದು ಯಾತಕ್ಕೆ?"

ಮಾರುಕಟ್ಟೆಯ ಕದ್ದ ಸೀಡಿಯಿಂದ ಹಾಕಿಸಿದ ಪ್ರೋಗ್ರಾಂ ಅದು. ಹತ್ತು ಸಲಕ್ಕೆ ಒಮ್ಮೆ ತಾನೇ ಮುಚ್ಚಿಕೊಳ್ಳುತ್ತಿತ್ತು. ಅರಬ್ಬಿಯಲ್ಲಿ ಹೆಸರು ಕೊಟ್ಟರೆ ಸಾಲಾಗಿ ಪ್ರಶ್ನೆಚಿಹ್ನೆ ತೋರಿಸುತ್ತಿತ್ತು, ಅಂಥ ಭಾಷೆಯನ್ನು ಹುಟ್ಟಿದಂದಿನಿಂದ ಕೇಳಿಲ್ಲ ಎನ್ನುವ ಹಾಗೆ. ಆದರೂ ಫೌಕಿಯಾಳಿಗೆ ಅದರ ಮೇಲೆ ಗೌರವ ಹುಟ್ಟಿತು. ಒಂದೇ ತುಣುಕನ್ನು ನೂರು ಸಲ ಬಾರಿಸು ಎಂದರೂ ಅದು ಮುಖ ಗಂಟಿಕ್ಕುತ್ತಿರಲಿಲ್ಲ. ಇನ್ನೂರು ಜನ ವಾದ್ಯಗಾರರನ್ನು ಹೊಟ್ಟೆಯಲ್ಲಿಟ್ಟುಕೊಂಡೂ ಯಾರಿಗೂ ಚಹಾ ಕೇಳುತ್ತಿರಲಿಲ್ಲ. ಇನ್ಶಿರಾಹ್ ಎರಡು ಗುಂಡಿ ಒತ್ತಿದರೆ ಈಗಷ್ಟೇ ಮಾಡಿದ್ದು ಮಾಡದಂತಾಗುತ್ತಿತ್ತು.

"ಅಂದ್ರೆ ಆಗಿದ್ದೂ ವಾಪಸ್ ಆಗುತ್ತಾ?" ಎಂದಳು ಸಿತ್ತೀ ಮಂಚದಿಂದ.

"ಹೂಂ ಸಿತ್ತೀ. ಎಷ್ಟು ಹಿಂದಕ್ಕೆ ಬೇಕಾದ್ರೂ."

"ಹಾಗಾದ್ರೆ ಒತ್ತು, ಒತ್ತು. ನಿಮ್ಮಪ್ಪನ್ನ ಹೆರೋದಕ್ಕೆ ಮುಂಚೆ ಎಲ್ಲಾದ್ರೂ ನಿಲ್ಲಿಸು."

ಬದವಿ ನಕ್ಕುಬಿಟ್ಟ. ಫೌಕಿಯಾ ಹುರಿಯುತ್ತಿದ್ದ ಬದನೆಕಾಯಿಯನ್ನು ಹಾಗೇ ಬಿಟ್ಟು ಬಾಗಿಲಿಗೆ ಬಂದು ನೋಡಿದಳು. ನಗು ಎಲ್ಲಿಂದ ಬಂತೆಂದು ಖಾತ್ರಿ ಮಾಡಿಕೊಳ್ಳಲು. ಆಮೇಲೆ ಬೆರಳು ಮಡಿಚಿ ನೋಡಿದಳು: ಹನ್ನೆರಡು ದಿನ. ಹನ್ನೆರಡು ದಿನದಿಂದ ಈ ಮನೆಯಲ್ಲಿ ಯಾರಿಗೂ ಬಿದ್ದಿರಲಿಲ್ಲ.

ಮಾರ್ಚಿನ ಮೊದಲ ವಾರ ಇನ್ಶಿರಾಹ್ ಅಡುಗೆಮನೆಗೆ ಬಂದು, "ಯಮ್ಮಾ, ಇನ್ನು ಮೂವತ್ತು ಸ್ವರ ಉಳಿದಿದೆ ಅಷ್ಟೇ. ನಾಳೆ ಮುಗಿಯುತ್ತೆ" ಎಂದಳು. ಸಿಹಿ ಸುದ್ದಿ ಹೇಳುವವಳ ಮುಖ ಅವಳಿಗಿರಲಿಲ್ಲ. ಕೇಳಿದವಳಿಗೂ ಕೈಯಲ್ಲಿದ್ದ ತಟ್ಟೆ ಭಾರವಾಯಿತು. ನಾಳೆ ಮುಗಿದರೆ ನಾಳಿದ್ದಿನಿಂದ ಅಲಿಂಬಿಯವರೆಗೆ ಆರು ವಾರ. ಆ ಬಲಗೈ ಮತ್ತೆ ಖಾಲಿ.

ಮರುದಿನ ಅಸರ್ ಆದ ಮೇಲೆ ಫೌಕಿಯಾ ಬಟ್ಟೆ ತೊಳೆಯುವ ಯಂತ್ರವನ್ನು ಹಾಕಿದಳು. ಅದು ತಿರುಗುತ್ತಿರುವಾಗಲೇ ಸ್ನಾನದ ಹೀಟರನ್ನೂ ಹಾಕಿದಳು. ಆ ಮನೆಯ ಫ್ಯೂಸಿಗೆ ಎರಡನ್ನೂ ಹೊರುವ ತಾಕತ್ತಿಲ್ಲವೆಂಬುದು ಮದುವೆಯಾಗಿ ಬಂದ ವರ್ಷದಿಂದ ಅವಳಿಗೆ ಗೊತ್ತಿತ್ತು. ಠಪ್ ಎಂದಿತು. ನಡುಮನೆಯಲ್ಲಿ ಹಾಡು ನಡುಮಾತಿನಲ್ಲೇ ಸತ್ತಿತು.

ಫೌಕಿಯಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಬದವಿ ಎದ್ದು ನಿಂತಿದ್ದ. ಬಲಗೈ ಮೇಲೆದ್ದಿತ್ತು.

"ಸೇವ್ ಮಾಡಿರ್ಲಿಲ್ಲ ಯಾಬಾ," ಎಂದಳು ಇನ್ಶಿರಾಹ್. "ಎರಡು ವಾರದ್ದು ಹೋಯ್ತು. ನಿಮಗೆ ನೆನಪಿರುತ್ತಲ್ಲ? ನೀವು ಹೇಳಿದ್ರೆ ಮತ್ತೆ ಎಳೀತೀನಿ."

ಎತ್ತಿದ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತು, ಹೋಗುವುದಕ್ಕೆ ಬೇರೆ ಜಾಗ ಕಾಣದೆ, ಅವನದೇ ನೆತ್ತಿ ಕೆರೆಯಿತು. "ನೆನಪಿರುತ್ತಾ ಅಂದ್ರೇನೇ? ನನ್ನ ಹಾಡು, ನಂಗೆ ನೆನಪಿರಲ್ವಾ? ಮೊದಲಿನದಕ್ಕಿಂತ ಚೆನ್ನಾಗಿ ಹೇಳ್ತೀನಿ. ಏ ಕರಮನ ತಾಯಿ, ಆ ದರಿದ್ರ ಫ್ಯೂಸ್ ನೋಡೇ!"

ಫೌಕಿಯಾ ಫ್ಯೂಸಿಗೆ ಹೊಸ ತಂತಿ ಸುತ್ತಿದಳು. ಸುತ್ತಿದ್ದು ಮಾತ್ರ ಮತ್ತೆ ಬೇಗ ಸುಡುವಂಥ ತೆಳ್ಳಗಿನ ತಂತಿಯನ್ನೇ.

ಆಮೇಲಿನದು ಪದ್ಧತಿಯಾಯಿತು. ಹಾಡು ಮುಗಿಯುವ ಹತ್ತಿರ ಬಂದಾಗಲೆಲ್ಲ ಆ ಮನೆಯಲ್ಲಿ ಬಟ್ಟೆ ಕೊಳೆಯಾಗುತ್ತಿತ್ತು. ಮಾರ್ಚಿನಲ್ಲಿ ಇನ್ನೆರಡು ಸಲ, ಏಪ್ರಿಲಿನಲ್ಲಿ ಒಂದು ಸಲ. ತೊಳೆದ ಹಾಸಿಗೆ ಬಟ್ಟೆಯನ್ನೇ ಮತ್ತೆ ತೊಳೆದಳು. ಸಿತ್ತೀ, "ನನ್ನ ಮೈಮೇಲಿನ ಬಟ್ಟೆಯ ನೇಯ್ಗೆ ಕಾಣ್ತಾ ಇದೆ ಕಣೇ, ಇನ್ನೊಂದ್ಸಲ ಒಗೆದ್ರೆ ನಾನೇ ಕಾಣ್ತೀನಿ" ಎಂದು ಗೊಣಗಿದಳು. ಕರಮ್‌ಗೆ ಮಾತ್ರ ತಲೆ ಕೆಟ್ಟಿತು.

"ಐದು ನಿಮಿಷಕ್ಕೊಂದ್ಸಲ ಸೇವ್ ಮಾಡೇ ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ!" ಎಂದು ತಂಗಿಯ ಮೇಲೆ ರೇಗಿದ.

"ಮರೆತುಹೋಗುತ್ತಣ್ಣ," ಎಂದಳು ಇನ್ಶಿರಾಹ್. ಕಾಲೇಜಿನಲ್ಲಿ ಮೊದಲ ಮೂವರಲ್ಲಿ ಒಬ್ಬಳಾಗಿ ಪಾಸಾಗುವ ಹುಡುಗಿ.

ಫೌಕಿಯಾ ಆ ಮಾತು ಕೇಳಿ ಮಗಳ ಮುಖ ನೋಡಿದಳು. ಮಗಳು ಪರದೆ ನೋಡುತ್ತಿದ್ದಳು. ತಾಯಿ ಹೋಗಿ ಮೀನು ತೊಳೆದಳು. ಆ ವಿಷಯ ಅವರಿಬ್ಬರ ನಡುವೆ ಅಷ್ಟಕ್ಕೇ ನಿಂತಿತು.

ಏಪ್ರಿಲಿನ ಎರಡನೆಯ ವಾರ ಬೀದಿಯ ಬೊಂಬೆಗೆ ಬಟ್ಟೆ ಬೇಕೆಂದು ಕೇಳಿಕೊಂಡು ಬಂದರು. ಬದವಿ ತನ್ನ ಹಡಗುಕಟ್ಟೆಯ ನೀಲಿ ಅಂಗಿ ಷರಾಯಿ ಕೊಟ್ಟ. ಹುಲ್ಲು ತುಂಬಿದ ಬೊಂಬೆ ಎರಡು ದಿನ ಅವರದೇ ಮೊಗಸಾಲೆಯಲ್ಲಿ ಕಾಲು ಚಾಚಿ ಕೂತಿತ್ತು. ಸಿತ್ತೀ ಅದರ ಎಡಗೈಗೆ ಬಟ್ಟೆಯ ಐದು ಬೆರಳು ಹೊಲಿದಳು. "ಇವನಿಗಾದ್ರೂ ಪೂರ್ತಿ ಇರ್ಲಿ," ಎಂದಳು.

ಹಬ್ಬಕ್ಕೆ ಎರಡು ದಿನವಿತ್ತು. ಹಾಡಿನಲ್ಲಿ ಇನ್ನೂರು ಚಿಲ್ಲರೆ ಸ್ವರ ಇನ್ನೂ ನೆಟ್ಟಗೇ ನಿಂತಿದ್ದವು, ಏಕೆಂದರೆ ಹಿಂದಿನ ದಿನವಷ್ಟೇ ಫೌಕಿಯಾ ಕಿಟಕಿಯ ಪರದೆಗಳನ್ನು ಒಗೆದಿದ್ದಳು. ಲೆಕ್ಕ ತಪ್ಪಿದ್ದಳು, ಇಷ್ಟು ತಡವಾಗಿ ಒಗೆಯಬಾರದಿತ್ತು. ಬದವಿ ಊಟದ ತಟ್ಟೆಯನ್ನು ಎತ್ತಿ ಗೋಡೆಗೆ ಎಸೆದ. "ಸುಂಬುಲ್ ಬರ್ಲಿ! ಬಂದು ನನ್ನ ಅಂಗಿ ಸುಟ್ಟು ನನ್ನ ಮನೆ ಮುಂದೆ ಬಾರಿಸ್ಲಿ! ನೀವೆಲ್ಲ ಚಪ್ಪಾಳೆ ಹೊಡೀರಿ!" ತಡೆಯಲು ಬಂದ ಕರಮ್‌ನ ಕುತ್ತಿಗೆಗೆ ಕಂಪ್ಯೂಟರಿನ ವೈರು ಸುತ್ತಿ ಎಳೆದ. ಬಿಡಿಸಲು ಹೋದ ಫೌಕಿಯಾಳ ಮೊಣಕೈ ಬಾಗಿಲಿಗೆ ತಾಗಿ ಬಾತುಕೊಂಡಿತು. ಎರಡು ತಿಂಗಳ ಶಾಂತಿ ಗೋಡೆಯ ಮೇಲೆ ಬೀನ್ಸಿನ ಸಾರಾಗಿ ಇಳಿಯುತ್ತಿತ್ತು.

ಆ ವೈರಿನ ಗುರುತು ಕುತ್ತಿಗೆಯಲ್ಲಿ ಇರುವಾಗಲೇ, ಮರುದಿನ ಬೆಳಿಗ್ಗೆ, ಕರಮ್ ಅಪ್ಪನ ಮಾನ ಉಳಿಸಲು ಹೊರಟ. ಸತ್ತ ಹಾಡಿನ ಹಳೆಯ ತುಣುಕು ಯಾವುದಾದರೂ ಸಿಕ್ಕೀತೇನೋ ಎಂದು ಕಂಪ್ಯೂಟರಿನ ಮೂಲೆ ಮೂಲೆ ಹುಡುಕಿದ. ತಂಗಿಯ ಕಾಲೇಜಿನ ಟಿಪ್ಪಣಿಗಳ ನಡುವೆ, ಹೆಸರಿನ ಜಾಗದಲ್ಲಿ ಆರು ಪ್ರಶ್ನೆಚಿಹ್ನೆ ಇದ್ದ ಒಂದು ಫೈಲು ಸಿಕ್ಕಿತು. ತೆರೆದ. ಪೂರ್ತಿ ಹಾಡು! ಅಲ್ಲಾಹನಿಗೆ ಸ್ತೋತ್ರ ಹೇಳಿದ. ಆದರೆ ಅಲ್ಲಲ್ಲಿ ಸ್ವರಗಳು ಗೆರೆ ತಪ್ಪಿ ಕೆಳಗೆ ಜೋತುಬಿದ್ದಿದ್ದವು, ಒಂದೊಂದು ಒಂದೊಂದು ರೀತಿ. ಹುಡುಗಿಯ ಕೈ ನಡುಗಿದೆ, ಪಾಪ, ಅಂದುಕೊಂಡ. ಮದುವೆ ಮನೆಯ ಗಾಯಕರು ಯಾರೂ ಸ್ವರದ ಮೇಲೆ ನಿಲ್ಲುವವರಲ್ಲವಾದ್ದರಿಂದ ಅವನಿಗೆ ಒಂದು ಗುಂಡಿಯ ಅಭ್ಯಾಸವಿತ್ತು. ಎಲ್ಲವನ್ನೂ ಸರಿಪಡಿಸುವ ಗುಂಡಿ. ಸಾರಿಗೆ ಉಪ್ಪು ಹಾಕುವಷ್ಟು ಸಲೀಸಾಗಿ ಅದನ್ನು ಒತ್ತಿದ. ಮುನ್ನೂರ ಹದಿನೆಂಟು ಸ್ವರಗಳೂ ಎದ್ದು ನಿಂತು ತಮ್ಮ ಬಿಳಿ ಮನೆ ಹೊಕ್ಕವು. ಸೇವ್ ಮಾಡಿದ. ಮುಚ್ಚಿದ. ಒಮ್ಮೆ ಕೇಳಿಯೂ ನೋಡಲಿಲ್ಲ. ಸ್ಪೀಕರು ಕಟ್ಟುವ ಕೆಲಸವಿತ್ತು. ಅಪ್ಪನಿಗೆ, "ಸಂಜೆ ಕೆಳಗೆ ಬನ್ನಿ ಯಾಬಾ, ಹಾಡು ರೆಡಿ" ಎಂದಷ್ಟೇ ಹೇಳಿದ.

ಸೂರ್ಯ ಮುಳುಗುವ ಹೊತ್ತಿಗೆ ಬೀದಿ ತುಂಬಿತ್ತು. ಫೌಕಿಯಾ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಹಿತ್ತಾಳೆಯ ಕುಟ್ಟಾಣಿಯಲ್ಲಿ ಬೆಳ್ಳುಳ್ಳಿ ಜೀರಿಗೆ ಕುಟ್ಟುತ್ತ ಕೆಳಗೆ ನೋಡುತ್ತಿದ್ದಳು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬದವಿ ಮುಂದಿನ ಸಾಲಿನ ಕುರ್ಚಿಯಲ್ಲಿದ್ದ. ಅವನದೇ ನೀಲಿ ಬಟ್ಟೆಯ ಬೊಂಬೆಗೆ ಬೆಂಕಿ ಹತ್ತಿತು. ಹಾಡು ಎದ್ದಿತು.

ತಾಳ ಚೆನ್ನಾಗಿತ್ತು. ಜನ ಕೈ ತಟ್ಟಿದರು. ಆಮೇಲೆ ಮೂರನೆಯ ತಂತಿ ಬಂತು. ಆ ಜಾಗದಲ್ಲಿ "ಅಲ್ಲಾಹ್!" ಎನ್ನಲು ಮುದುಕರು ಬಾಯಿ ತೆರೆದಿದ್ದರು, ಸ್ವರ ಬೇರೆಲ್ಲೋ ಹೋಗಿ ಕೂತಿತು, ತೆರೆದ ಬಾಯಿಗಳು ಹಾಗೇ ಮುಚ್ಚಿಕೊಂಡವು. ಎರಡನೆಯ ಸಲ ಬಂತು. ಮೂರನೆಯ ಸಲಕ್ಕೆ ಹಿಂದಿನಿಂದ ಉಸ್ತಾ ಸುಂಬುಲ್ ಕೂಗಿದ.

"ಏನ್ ರಯ್ಯಿಸ್! ನಿಮ್ಮ ಮೂರನೆ ತಂತಿ ಪಿಯಾನೋ ಜತೆ ಓಡಿಹೋಯ್ತಾ?"

ನಗು ಬೀದಿಯ ಈ ಕೊನೆಯಿಂದ ಆ ಕೊನೆಗೆ ಹೋಯಿತು. ಬದವಿ ಎದ್ದ. ತಾನು ಕೂತಿದ್ದ ಕುರ್ಚಿಯನ್ನೇ ಎತ್ತಿ ಮಗನ ಮೇಲೆ ಬೀಸಿದ. ಕರಮ್ ಸ್ಪೀಕರಿನ ಜೊತೆ ಬಿದ್ದ. ಬಿದ್ದವನ ಮೇಲೆ ಇನ್ನೊಮ್ಮೆ ಬೀಸಿದ. ಕುರ್ಚಿಯ ಕಾಲು ಮುರಿದು ಬೆಂಕಿಗೆ ಹಾರಿತು. ನಾಲ್ಕು ಜನ ಹಿಡಿದರೂ ಕೊಸರಿಕೊಂಡು, ಮಗನ ಕೊರಳಪಟ್ಟಿ ಹಿಡಿದು ಮೆಟ್ಟಿಲ ಮೇಲೆ ಎಳೆದುಕೊಂಡು ಬಂದ. ಹಿಂದೆ ಬೀದಿಯಲ್ಲಿ ಹಾಡು ಇನ್ನೂ ನೆಟ್ಟಗೆ, ತಪ್ಪಿಲ್ಲದೆ, ಬಾರಿಸುತ್ತಲೇ ಇತ್ತು.

"ನಾನಲ್ಲ ಯಾಬಾ!" ಕರಮ್‌ನ ಮೂಗಿನಿಂದ ರಕ್ತ ಇಳಿದು ಬಾಯಿಗೆ ಹೋಗುತ್ತಿತ್ತು. "ಫೈಲು ಇವಳದು! ನಾನು ಸರಿ ಮಾಡಿ ಹಾಕ್ದೆ, ಅಷ್ಟೇ! ತಿಂಗಳಿಂದ ಪೂರ್ತಿ ಇತ್ತು ಇದರಲ್ಲಿ! ತಾರೀಖು ನೋಡಿ, ಮಾರ್ಚ್ ಐದು!"

ಬದವಿ ನಿಂತ. ಅಂಗಿಯ ತೋಳಿಗೆ ಮಗನ ರಕ್ತ ಹತ್ತಿತ್ತು. "ಮಾರ್ಚ್ ಐದು," ಎಂದ. ಆಮೇಲೆ ಮಗಳ ಕಡೆ ತಿರುಗಿದ. "ಹೋಯ್ತು ಹೋಯ್ತು ಅಂದೆಯಲ್ಲೇ? ನಾಲ್ಕು ಸಲ? ನಾನು ಕೋತಿ ಹಾಗೆ ಮೊದಲಿಂದ ಹೇಳಿದ್ದು, ನೀನು ಎಳೆದಿದ್ದು, ಎಲ್ಲಾ ಸುಳ್ಳಾ?"

ಇನ್ಶಿರಾಹ್ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. "ಎಳೆದಿದ್ದು ಸುಳ್ಳಲ್ಲ ಯಾಬಾ. ಪ್ರತೀ ಸಲವೂ ನಿಜವಾಗಿಯೇ ಎಳೆದೆ."

"ಯಾಕೆ?"

"ಮುಗಿದ್ರೆ ನೀವು ಖಾಲಿ ಕೂರ್ತೀರಿ ಅಂತ. ಖಾಲಿ ಕೈ ಏನು ಮಾಡುತ್ತೆ ಅಂತ ನನ್ನ ಕಿವಿಗೆ ಗೊತ್ತು."

ಬಲಗೈ ಮೇಲೆದ್ದಿತು. ಅಂಗೈ ಅಗಲವಾಗಿ ತೆರೆದಿತ್ತು, ಮಗಳ ಬಲ ಮಗ್ಗುಲಿಗೆ ಅಳತೆ ಹಿಡಿದಿತ್ತು. ಫೌಕಿಯಾ ಅಡುಗೆಮನೆಯಿಂದ ಬಂದದ್ದನ್ನು ಯಾರೂ ನೋಡಲಿಲ್ಲ. ಹಿತ್ತಾಳೆಯ ಕುಟ್ಟುಗೋಲು ಅವಳ ಎರಡೂ ಕೈಯಲ್ಲಿತ್ತು, ಇನ್ನೂ ಬೆಳ್ಳುಳ್ಳಿ ಅಂಟಿಕೊಂಡಿತ್ತು. ಅವನ ಕೈ ಇಳಿಯುವುದಕ್ಕೂ ಅದು ಮಣಿಕಟ್ಟಿನ ಮೇಲೆ ಇಳಿಯುವುದಕ್ಕೂ ಸರಿಹೋಯಿತು.

ಆ ಸದ್ದು ಮಾತ್ರ ಇಪ್ಪತ್ತೆಂಟು ವರ್ಷದಲ್ಲಿ ಅವಳು ಕೇಳಿರದಂಥದ್ದು. ಒಣಗಿದ ಕಡ್ಡಿ ಮುರಿದಂಥದ್ದು.

ಬದವಿ ಮಂಡಿಯೂರಿದ. ಮೊದಲು ಅವನಿಗೆ ನೋವಿಗಿಂತ ಆಶ್ಚರ್ಯವೇ ಆದಂತಿತ್ತು; ಕೈ ಮಣಿಕಟ್ಟಿನಿಂದಾಚೆ ಬೇರೆ ಯಾರದೋ ಎಂಬ ಹಾಗೆ ಅದನ್ನು ನೋಡಿದ. ಆಮೇಲೆ ಕೂಗಿದ. ಫೌಕಿಯಾ ಕುಟ್ಟುಗೋಲನ್ನು ಇನ್ನೂ ಎತ್ತಿಯೇ ಹಿಡಿದಿದ್ದಳು.

"ಇನ್ನೊಂದ್ಸಲ ಎತ್ತು," ಎಂದಳು. "ಎತ್ತು ನೋಡೋಣ. ಎಡಗೈನಲ್ಲೂ ಮೂರು ಬೆರಳು ಉಳಿದಿದೆ."

ಇಪ್ಪತ್ತೆಂಟು ವರ್ಷದಲ್ಲಿ ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಸಿತ್ತೀ ಮಂಚದ ಮೇಲೆ ಕೋಲನ್ನು ತೊಡೆಗೆ ಅಡ್ಡವಾಗಿಟ್ಟುಕೊಂಡಳು. "ಇದನ್ನ ವಾಪಸ್ ಮಾಡೋ ಗುಂಡಿ ಒತ್ತಬೇಡಿ," ಎಂದಳು, ಯಾರಿಗೆಂದಿಲ್ಲದೆ.

ಆಸ್ಪತ್ರೆಯಲ್ಲಿ ಅದೇ ಡಾಕ್ಟರಿದ್ದರು. ಏನಾಯಿತೆಂದು ಕೇಳಿದಾಗ ಕರಮ್ ಮೂಗಿನ ಹತ್ತಿ ಸರಿಪಡಿಸಿಕೊಂಡ, ಫೌಕಿಯಾ ಗೋಡೆ ನೋಡಿದಳು. ಬದವಿಯೇ ಹೇಳಿದ: "ಬಾಗಿಲು ಬಡೀ‌ತು."

"ಯಾವ ಬಾಗಿಲು?"

"ಅಡುಗೆಮನೇದು."

ಡಾಕ್ಟರು ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿದರು. "ಒಳ್ಳೇ ಬಾಗಿಲು," ಎಂದು ಬರೆದುಕೊಂಡರು. "ಆರು ವಾರ ಪಟ್ಟಿ."

ಒಂಬತ್ತು ದಿನ ಬದವಿ ಮಾತಾಡಲಿಲ್ಲ. ಒಂದು ಕೈಗೆ ಸುಣ್ಣದ ಪಟ್ಟಿ, ಇನ್ನೊಂದರಲ್ಲಿ ಚಮಚ ನಿಲ್ಲದು. ಫೌಕಿಯಾ ತುತ್ತು ಮಾಡಿ ತಿನ್ನಿಸಿದಳು. ಬಿಸಿಯಿದ್ದರೆ ಊದಿಯೂ ತಿನ್ನಿಸಿದಳು. ಕುಟ್ಟುಗೋಲನ್ನು ಮಾತ್ರ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು ತಿನ್ನಿಸಿದಳು. ಬೀದಿಯಲ್ಲಿ ಸುದ್ದಿ ಹರಡಿತ್ತು. ಸುಂಬುಲ್ ಒಂದು ಡಬ್ಬಿ ಹಲ್ವಾ ಹಿಡಿದುಕೊಂಡು ನೋಡಲು ಬಂದ. ಹೊರಡುವಾಗ ಅಡುಗೆಮನೆಯ ಬಾಗಿಲನ್ನು ಮುಟ್ಟಿ ನೋಡಿ, ಅದಕ್ಕೆ ಸಲಾಂ ಹೇಳಿ ಹೋದ. ಕರಮ್ ಊದಿದ ಮೂಗಿನಲ್ಲೇ ಎರಡು ಮದುವೆ ಮುಗಿಸಿ ಬಂದ. ಆ ಗುಂಡಿಯನ್ನು ಒತ್ತಿದೆಯೇನೋ ಎಂದು ಗಾಯಕರು ಕೇಳಿದರೆ ಈಗ ಬೆಚ್ಚಿಬೀಳುತ್ತಿದ್ದ. ಅವನು ಸೇವ್ ಮಾಡಿ ಮುಚ್ಚಿದ್ದರಿಂದ ಹಾಡು ಹಿಂದಕ್ಕೆ ಬರುವ ದಾರಿಯಿರಲಿಲ್ಲ. ಈ ಸಲ ನಿಜವಾಗಿಯೂ ಹೋಗಿತ್ತು.

ಹತ್ತನೆಯ ದಿನ, ಅಸರ್ ಆದ ಮೇಲೆ, ಬದವಿ ಎದ್ದು ಹೋಗಿ ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಕೂತ.

"ಇನ್ಶಿರಾಹ್. ಮೊದಲ್ನಿಂದ ಹಾಕು."

ಅವಳು ಬಂದಳು. ಕೂರುವ ಮೊದಲು ಕುರ್ಚಿಯನ್ನು ಅವನಿಂದ ಒಂದು ತೋಳು ದೂರಕ್ಕೆ ಸರಿಸಿಕೊಂಡಳು. ಅವನು ಅದನ್ನು ನೋಡಿದ.

ಮೇ ತಿಂಗಳಿಡೀ ಹಾಗೆ ನಡೆಯಿತು. ಬೈಗುಳಗಳಿರಲಿಲ್ಲ ಎಂದಲ್ಲ. "ಕೆಳಗೆ ಅಂದ್ರೆ ಕೆಳಗೆ ಕಣೇ, ನೆಲಮಾಳಿಗೆಗಲ್ಲ!" "ನೆಲಮಾಳಿಗೆ ಅಲ್ಲ ಯಾಬಾ, ನೀವು ಹೇಳಿದ ಮಹಡೀನೇ ಇದು. ಸರಿಯಾಗಿ ಕೇಳಿ." ಅವಳು ಈಗ ಎದುರು ಮಾತಾಡುತ್ತಿದ್ದಳು. ಒಂದೆರಡು ಕಡೆ ಅವಳು ಇಳಿಸಿದ್ದೇ ಸರಿಯೆಂದು ಅವನು ಒಪ್ಪಿಕೊಂಡದ್ದೂ ಉಂಟು, ಒಪ್ಪಿಕೊಳ್ಳುವಾಗ ಕೆಮ್ಮು ಬಂದಂತೆ ಮಾಡಿ. ಹೊಸ ಫ್ಯೂಸಿಗೆ ಕರಮ್ ದಪ್ಪ ತಂತಿ ಹಾಕಿಸಿದ್ದ. ಇನ್ಶಿರಾಹ್ ಐದು ನಿಮಿಷಕ್ಕೊಮ್ಮೆ ಸೇವ್ ಮಾಡುತ್ತಿದ್ದಳು, ಎಲ್ಲರಿಗೂ ಕಾಣುವ ಹಾಗೆ.

ಮೇ ಕೊನೆಯ ಮಂಗಳವಾರ. ಪಟ್ಟಿ ಬಿಚ್ಚುವುದು ಗುರುವಾರಕ್ಕಿತ್ತು. ಫೌಕಿಯಾ ನಡುಮನೆಯ ನೆಲದ ಮೇಲೆ ಕೂತು ಕುಟ್ಟಾಣಿಯಲ್ಲಿ ಕೊತ್ತಂಬರಿ ಬೀಜ ಕುಟ್ಟುತ್ತಿದ್ದಳು.

"ಇದೇ ಕೊನೇದು ಯಾಬಾ," ಎಂದಳು ಇನ್ಶಿರಾಹ್. "ಮುನ್ನೂರ ಹದಿನೆಂಟನೇದು."

ಬದವಿ ಕಣ್ಣು ಮುಚ್ಚಲಿಲ್ಲ. ಸುಣ್ಣದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದ. ಆಮೇಲೆ ಹಿಂದಕ್ಕೆ ತಿರುಗದೆ, ಸುಮ್ಮನೆ ಮಾತಿಗೆಂಬ ಹಾಗೆ ಕೇಳಿದ:

"ಕರಮನ ತಾಯಿ, ಇವತ್ತು ಬಟ್ಟೆ ಒಗೆಯೋದಿಲ್ವಾ?"

ಕುಟ್ಟುವ ಸದ್ದು ನಿಂತಿತು. ಇನ್ಶಿರಾಹ್‌ಳ ಕೈ ಮೌಸಿನ ಮೇಲೆ ನಿಂತಿತು. ಅವನಿಗೆ ಯಾವಾಗಿನಿಂದ ಗೊತ್ತಿತ್ತೋ, ಎರಡನೆಯ ಸಲದಿಂದಲೋ, ಮೊದಲನೆಯ ಸಲದಿಂದಲೇ ಏನೋ; ಗೊತ್ತಿದ್ದೂ ಕೂತು ಮತ್ತೆ ಮತ್ತೆ ಹೇಳಿದ್ದನೋ ಏನೋ. ಫೌಕಿಯಾ ಅದನ್ನು ಕೇಳಲಿಲ್ಲ.

"ಬಟ್ಟೆ ನಿನ್ನೆನೇ ಒಗೆದಾಯ್ತು," ಎಂದಳು. "ಮುಗಿಸು."

"ಮುಗಿದ್ಮೇಲೆ?"

"ಮುಗಿದ್ಮೇಲೆ ಇನ್ನೊಂದು ಹಾಡು ಕಟ್ಟು. ಇಲ್ಲಾಂದ್ರೆ ಖಾಲಿ ಕೂತ್ಕೊ. ಎರಡಕ್ಕೂ ನನ್ನ ತಕರಾರಿಲ್ಲ."

ಬದವಿ ಕಣ್ಣು ಮುಚ್ಚಿದ. "ಕೆಳಗೆ," ಎಂದ. "ಇನ್ನೂ. ಇನ್ನೊಂದು ಕೂದಲು. ನಿಲ್ಲು."

ಸ್ವರ ಎರಡು ಮನೆಗಳ ನಡುವೆ ಹೋಗಿ ನಿಂತಿತು. ಮಂಚದಿಂದ ಸಿತ್ತೀ, ನಿದ್ದೆಯಲ್ಲೋ ಎಚ್ಚರದಲ್ಲೋ, "ಅಲ್ಲಾಹ್" ಎಂದಳು.

ಇನ್ಶಿರಾಹ್ ಸೇವ್ ಮಾಡಿದಳು. ಪರದೆಯ ಮೇಲೆ ಸಾಲಾಗಿ ಪ್ರಶ್ನೆಚಿಹ್ನೆಗಳು ಮೂಡಿದವು. ಫೌಕಿಯಾ ಎದ್ದು, ಕೊತ್ತಂಬರಿ ಪುಡಿಯನ್ನು ಬಟ್ಟಲಿಗೆ ಸುರಿದು, ಕುಟ್ಟುಗೋಲನ್ನು ಉಡುಪಿನ ಅಂಚಿನಿಂದ ಒರೆಸಿ, ಅಡುಗೆಮನೆಗೆ ಒಯ್ಯದೆ ಕಂಪ್ಯೂಟರಿನ ಪಕ್ಕದಲ್ಲಿ, ಮಗಳ ಬಲಗಡೆಗೆ, ನಿಲ್ಲಿಸಿದಳು.

"ಅಲ್ಲಿ ಯಾಕೆ ಇಡ್ತೀಯ?" ಎಂದ ಬದವಿ.

"ಗುರುವಾರ ಪಟ್ಟಿ ಬಿಚ್ತಾರಲ್ಲ," ಎಂದಳು ಫೌಕಿಯಾ. "ಇಲ್ಲೇ ಇರ್ಲಿ."